ಸೊನ್ನೆ ತೋರಿಸಿದ ಹೊತ್ತು

ದೊಡ್ಡೀರಪ್ಪನ ಕಥೆ ಹೇಳಬೇಕೆಂದರೆ ಅವನ ಎಡ ಮಂಡಿಯಿಂದಲೇ ಶುರು ಮಾಡಬೇಕು. ಅದೊಂದು ಉಳಿಯಬೇಕಿತ್ತು. ಉಳಿಸುವುದು ನನ್ನ ಕೆಲಸವಾಗಿತ್ತು. ಉಳಿಯಲಿಲ್ಲ. ಯಾರ ತಪ್ಪು, ಯಾರ ತಪ್ಪು ಎಂದು ಸಿಕ್ಕಸಿಕ್ಕವರ ಮೇಲೆ ಹಾರಾಡಿದ್ದೇನೆ. ಈಗ ಕೂತು ಬರೆಯುತ್ತಿರುವುದು, ಹಾರಾಡಲು ಇನ್ನು ಯಾರೂ ಉಳಿದಿಲ್ಲವಲ್ಲ ಅದಕ್ಕೆ.

ನಾನು ಚಳ್ಳಕೆರೆಯಲ್ಲಿ ಕೃತಕ ಕಾಲು ಮಾಡುವವನು. ಹೆಸರು ರಾಮಾಂಜನೇಯ. ಹಾಗೆಂದು ಕೇಳಿದರೆ ಊರಲ್ಲಿ ಯಾರಿಗೂ ತಿಳಿಯದು. ‘ಕಾಲಿನ ರಾಮಾಂಜಿ’ ಎಂದರೆ ಬಸ್ ಸ್ಟ್ಯಾಂಡಿನ ಹೂವಿನವಳೂ ದಾರಿ ತೋರಿಸುತ್ತಾಳೆ. ಎಣ್ಣೆ ಮಿಲ್ಲುಗಳ ಹಿಂದೆ ಒಂದು ಹಳೆಯ ಶೇಂಗಾ ಗೋದಾಮಿದೆ, ಅದೇ ನಮ್ಮ ವರ್ಕ್‌ಶಾಪು. ಒಂದು ಟ್ರಸ್ಟಿನವರು ನಡೆಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಮೋಟುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅಚ್ಚು ತೆಗೆದು, ಅಚ್ಚಿನ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಎಳೆದು ಸಾಕೆಟ್ಟು ಮಾಡುತ್ತಿದ್ದೇನೆ. ಮೋಟು ಕೂರುವ ಬಟ್ಟಲಿಗೇ ಸಾಕೆಟ್ಟು ಅನ್ನುವುದು. ಕೆಳಗಿನ ಪಾದ ಕಾರ್ಖಾನೆಯಿಂದ ಬರುತ್ತದೆ, ಯಾರ ಪಾದವಾದರೂ ಯಾರಿಗಾದರೂ ಆದೀತು. ಸಾಕೆಟ್ಟು ಹಾಗಲ್ಲ. ಒಬ್ಬನದು ಇನ್ನೊಬ್ಬನಿಗೆ ಆಗುವುದಿಲ್ಲ. ಒಂದು ನೂಲಿನಷ್ಟು ಹೆಚ್ಚುಕಮ್ಮಿಯಾದರೂ ಚರ್ಮ ಕಿತ್ತು ಬರುತ್ತದೆ. ನಾನು ಮಾಡಿದ್ದು ಕಿತ್ತು ಬರುವುದಿಲ್ಲ ಎಂದು ನನಗೆ ಬಹಳ ಜಂಬವಿತ್ತು.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಮಂಡಿ ಉಳಿದರೆ ಮನುಷ್ಯ ಉಳಿದ. ಕಾಲು ಮಂಡಿಯ ಕೆಳಗೆ ಹೋಗಿದ್ದರೆ ಹೊಲ, ಗುಡ್ಡ, ಬಸ್ಸು ಎಲ್ಲವೂ ಸಾಧ್ಯ. ಮಂಡಿಯ ಮೇಲೆ ಹೋದರೆ ಉಳಿಯುವುದು ಮನೆಯಿಂದ ಕಟ್ಟೆ, ಕಟ್ಟೆಯಿಂದ ಮನೆ.

ದೊಡ್ಡೀರಪ್ಪ ನಮ್ಮಲ್ಲಿಗೆ ಬಂದಾಗ ಮಂಡಿ ಇತ್ತು. ಕೊಂಡ್ಲಹಳ್ಳಿಯಿಂದ ಆಚೆ ಮೂರು ಮೈಲಿ ಒಳಗೆ ಅವನ ಹಟ್ಟಿ. ವಯಸ್ಸು ಐವತ್ತರ ಆಸುಪಾಸು. ಒಣಗಿದ ಮೈ, ಎದ್ದು ಕಾಣುವ ಕೊರಳ ನರ, ಕೈಗಳಿಗೆ ಸದಾ ದನದ ವಾಸನೆ. ಅವನು ದೇವರ ಎತ್ತು ಕಾಯುವವನು. ದೇವರಿಗೆಂದು ಬಿಟ್ಟ ದನದ ಹಿಂಡದು. ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಆ ಹಿಂಡನ್ನು ಮೇಯಿಸಿ, ನೀರು ಕುಡಿಸಿ, ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಕೂಡುವವನಿಗೆ ಕಿಲಾರಿ ಎನ್ನುತ್ತಾರೆ. ಅವನ ಅಪ್ಪ ಕಿಲಾರಿ, ಅವನ ತಾತ ಕಿಲಾರಿ. ಕೆಲಸಕ್ಕೆ ಕಟ್ಟುಪಾಡುಗಳೂ ಇವೆ. ಅದರಲ್ಲೊಂದು, ರೊಪ್ಪದೊಳಗೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ದೊಡ್ಡೀರಪ್ಪನಂತೂ ಹೊರಗೂ ಮೆಟ್ಟು ಹಾಕಿದವನಲ್ಲ.

ಹಾಗೆ ಬರಿಗಾಲಲ್ಲಿ ಕಾವಲಿನಲ್ಲಿ ಎತ್ತು ಮೇಯಿಸುವಾಗಲೇ ಕೊಳಕುಮಂಡಲ ಹಾವು ಕಚ್ಚಿತು. ಕಚ್ಚಿದ್ದು ಮಧ್ಯಾಹ್ನ. ಇವನು ಏನು ಮಾಡಿದ ಗೊತ್ತೆ? ಟವೆಲು ಬಿಗಿದುಕೊಂಡು ಹಿಂಡನ್ನು ವಾಪಸು ಹೊಡೆದು ತಂದ. ಒಂದೊಂದನ್ನೇ ಎಣಿಸಿ ರೊಪ್ಪಕ್ಕೆ ಕೂಡಿದ. ಬಾಗಿಲಿಗೆ ಮುಳ್ಳು ಎಳೆದ. ಆಮೇಲೆ ಹೆಂಡತಿಗೆ ಹೇಳಿದ. ಜೀವ ಉಳಿಯಿತು, ಪಾದ ಕೊಳೆಯಿತು, ದೊಡ್ಡಾಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಗೇಣುದ್ದ ಬಿಟ್ಟು ಕತ್ತರಿಸಿದರು. ಈ ಕಥೆಯನ್ನು ಅವನ ಹೆಂಡತಿ ಕೆಂಚಕ್ಕ ಮೊದಲ ದಿನವೇ ನನಗೆ ಹೇಳಿದ್ದಳು. ಇಂಥವನು ನೋವು ಎಂದು ಬಾಯಿಬಿಡುವ ಆಸಾಮಿಯಲ್ಲ ಎಂದು ಅವತ್ತೇ ಅರ್ಥವಾಗಬೇಕಿತ್ತು. ಕೇಳಿ, ‘ಭಲೇ’ ಎಂದು ನಕ್ಕು ಮರೆತೆ.

ಫಾರಂ ತುಂಬುವಾಗ ‘ಕೆಲಸ ಏನಪ್ಪ’ ಎಂದು ಕೇಳಿದೆ.

“ಕಿಲಾರಿ, ಸ್ವಾಮಿ.”

ಫಾರಮ್ಮಿನಲ್ಲಿದ್ದದ್ದು ನಾಲ್ಕೇ ಚೌಕ: ಕೃಷಿ, ಕೂಲಿ, ವ್ಯಾಪಾರ, ಮನೆಕೆಲಸ. ಕೂಲಿಗೆ ಟಿಕ್ ಹಾಕಿದೆ. ಅವನು ಬಗ್ಗಿ ನೋಡಿದ.

ಕಾಲು ಹಾಕುವ ದಿನ ಎಲ್ಲರಿಗೂ ಭಯವಿರುತ್ತದೆ. ಕೆಲವರು ಅಳುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಅವರನ್ನು ಹಗುರ ಮಾಡಲು ನನ್ನ ಹತ್ತಿರ ಒಂದು ಮಾತಿತ್ತು. ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ದೊಡ್ಡೀರಪ್ಪನೂ ಬೆಂಚಿನ ಮೇಲೆ ಕೂತು ಆ ರಬ್ಬರ್ ಪಾದವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಬೆರಳು, ಉಗುರು ಎಲ್ಲ ಮೂಡಿಸಿದ ಪಾದ.

“ಇದೇನು ಸ್ವಾಮಿ, ಮುಟ್ಟಿದ್ರೆ ನಂಗೆ ಗೊತ್ತೇ ಆಗಲ್ಲ?”

“ಅಯ್ಯೋ, ಇದೂ ಒಂದು ಮೆಟ್ಟು ಅಂದ್ಕೊಳೋ ಮಾರಾಯ. ಬೆಳಿಗ್ಗೆ ಮೆಟ್ಕೋ, ರಾತ್ರಿ ಬಿಚ್ಚಿಡು. ಅಷ್ಟೇ ಕಥೆ,” ಎಂದೆ.

ಪಕ್ಕದಲ್ಲಿದ್ದವರು ನಕ್ಕರು. ದೊಡ್ಡೀರಪ್ಪ ನಗಲಿಲ್ಲ. ತಲೆಯಾಡಿಸಿದ. ಮೂರು ದಿನ ಹಿಡಿದು ನಡೆಯುವ ಜೋಡಿ ಸರಳಿನ ನಡುವೆ ನಡೆದು ಅಭ್ಯಾಸ ಮಾಡಿದ. ನಾಲ್ಕನೆಯ ದಿನ ಬಿ.ಜಿ. ಕೆರೆ ಕಡೆಯ ಬಸ್ಸನ್ನು ತಾನೇ ಹತ್ತಿ ಹೊರಟುಹೋದ. ಅಷ್ಟು ಬೇಗ ನಡೆದವರನ್ನು ನಾನು ಕಂಡಿಲ್ಲ. ಟ್ರಸ್ಟಿನವರು ಅವನು ಬಸ್ಸು ಹತ್ತುವ ಫೋಟೋ ತೆಗೆದು ಗೋಡೆಗೆ ಹಾಕಿಸಿದರು. ಈಗಲೂ ಇದೆ.

ಎರಡು ತಿಂಗಳಿಗೆ ವಾಪಸು ಬಂದ. ತಾನಾಗಿ ಬಂದದ್ದಲ್ಲ, ಕೆಂಚಕ್ಕ ಎಳೆದುಕೊಂಡು ಬಂದಿದ್ದಳು. ಮೋಟಿನ ಮುಂಭಾಗದಲ್ಲಿ, ಮೂಳೆಯ ತುದಿ ಚರ್ಮಕ್ಕೆ ತಾಗುವ ಕಡೆ, ಎಂಟಾಣೆ ಅಗಲದ ಗಾಯ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅಥವಾ ಗೊತ್ತಾಯಿತು ಎಂದುಕೊಂಡೆ. ಆ ಜಾಗದ ಗಾಯವೆಂದರೆ ನೂರಕ್ಕೆ ತೊಂಬತ್ತು ಸಾಕೆಟ್ಟು ಒತ್ತಿಯೇ ಆಗುವುದು.

“ನೋವೈತಾ?”

“ಅಷ್ಟೇನಿಲ್ಲ ಸ್ವಾಮಿ.”

ಆ ಹೊತ್ತಿಗೆ ನಮ್ಮಲ್ಲಿ ಹರ್ಷಿತಾ ಎಂಬ ಹುಡುಗಿ ಇದ್ದಳು. ದಾವಣಗೆರೆ ಕಡೆಯವಳು, ಎಂಜಿನಿಯರಿಂಗ್ ಮುಗಿಸಿ ಸಂಶೋಧನೆ ಮಾಡುತ್ತಿದ್ದಳು. ಸಾಕೆಟ್ಟಿನೊಳಗೆ ಎಲ್ಲೆಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಅಳೆಯುವುದು ಅವಳ ವಿಷಯ. ಅದಕ್ಕೆಂದು ಒಂದು ಹಾಳೆ ತಂದಿದ್ದಳು, ಸೀರೆ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರಿನಷ್ಟು ತೆಳು, ಒಳಗೆಲ್ಲ ಸಣ್ಣ ಸಣ್ಣ ಗೆರೆ. ಅದನ್ನು ಮೋಟಿಗೆ ಸುತ್ತಿ, ಮೇಲೆ ಸಾಕೆಟ್ಟು ಹಾಕಿ ನಡೆಸಿದರೆ ಲ್ಯಾಪ್‌ಟಾಪಿನಲ್ಲಿ ಬಣ್ಣ ಮೂಡುತ್ತದೆ. ಹೆಚ್ಚು ಒತ್ತಿದ ಕಡೆ ಕೆಂಪು, ಕಮ್ಮಿ ಒತ್ತಿದ ಕಡೆ ನೀಲಿ. ನಾನು ಅದನ್ನು ‘ಹೋಳಿ ಆಟ’ ಎಂದು ಆಡಿಕೊಳ್ಳುತ್ತಿದ್ದೆ. ಅವಳು ನಗುತ್ತಿದ್ದಳು, ಒಳ್ಳೆಯ ಹುಡುಗಿ.

ಹಾಳೆ ಸುತ್ತಿ ದೊಡ್ಡೀರಪ್ಪನನ್ನು ನಡೆಸಿದೆವು. ಗೋದಾಮಿನ ಈ ಗೋಡೆಯಿಂದ ಆ ಗೋಡೆ, ಹತ್ತು ಸಲ. ಮಂಡಿಚಿಪ್ಪಿನ ಕೆಳಗೆ ಹಳದಿ ಬಂತು. ಅಲ್ಲಿ ಭಾರ ಬೀಳಬೇಕಾದದ್ದೇ. ಹಿಂದೆ ಮೀನಖಂಡದ ಮೇಲೆ ಹಸಿರು. ಗಾಯವಿದ್ದ ಮೂಳೆತುದಿಯಲ್ಲಿ ಕಡುನೀಲಿ.

“ಸರ್, ಇಲ್ಲಿ ಒತ್ತಡವೇ ಬೀಳ್ತಿಲ್ಲ,” ಎಂದಳು ಹರ್ಷಿತಾ. “ನಿಮ್ಮ ಸಾಕೆಟ್ ಚೆನ್ನಾಗಿದೆ. ಗಾಯ ಸಾಕೆಟ್ಟಿಂದ ಆಗಿರೋದಲ್ಲ ಅನ್ಸುತ್ತೆ.”

“ಮತ್ತೆ ಆಕಾಶದಿಂದ ಆಯ್ತೇನಮ್ಮ?”

“ಹಾಗಲ್ಲ ಸರ್…”

“ನಿನ್ನ ಹಾಳೆ ಅಲ್ಲಿ ಸುಕ್ಕಾಗೈತೆ. ಗಾಯ ಕಣ್ಣೆದುರಿಗೆ ಐತೆ, ಬಣ್ಣ ನೋಡ್ಕೊಂಡು ಕೂತರೆ ಆಗುತ್ತಾ?”

ಈಗ ಹೇಳುತ್ತೇನೆ: ಹಾಳೆ ಸರಿಯಾಗಿಯೇ ಇತ್ತು. ಹುಡುಗಿ ಹೇಳಿದ್ದೂ ಸರಿಯಾಗಿತ್ತು. ನನ್ನ ಸಾಕೆಟ್ಟೂ ಸರಿಯಿತ್ತು. ನನ್ನದೇ ಕೆಲಸ ಸರಿಯಿದೆ ಎಂದು ಇನ್ನೊಬ್ಬಳು ಹೇಳಿದರೂ ನಾನು ಒಪ್ಪಲಿಲ್ಲ, ಯಾಕೆಂದರೆ ಅದನ್ನು ಹೇಳಿದ್ದು ಯಂತ್ರ. ಇಂಥ ದಡ್ಡತನಕ್ಕೆ ಏನು ಹೆಸರಿಡಬೇಕೋ ತಿಳಿಯದು. ಅಚ್ಚಿನ ತುದಿಗೆ ಪ್ಲಾಸ್ಟರ್ ಮೆತ್ತಿ ದಪ್ಪ ಮಾಡಿದೆ, ಹೊಸ ಸಾಕೆಟ್ಟು ಎಳೆದೆ. ಈಗ ಮೂಳೆತುದಿಗೆ ಒಳಗೆ ಏನೂ ತಾಗುವುದಿಲ್ಲ, ಅಷ್ಟೂ ಜಾಗ ಖಾಲಿ. ಹರ್ಷಿತಾ ಒಂದು ಮಾತು ಹೇಳಿದಳು, ಅಡಿ ಪೂರ್ತಿ ಖಾಲಿಯಾದರೆ ಮಾಂಸ ಕೆಳಗಿಳಿದು ಊದಿಕೊಳ್ಳುತ್ತದಲ್ಲವೇ ಎಂದು. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬರುವವರಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ. “ಗಾಯ ಮಾಗೋವರೆಗೆ ಅಷ್ಟೇ,” ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಮಾಡಿದ್ದು ಅದೇ.

ಅವತ್ತು ಇನ್ನೊಂದು ಕಂಡಿತ್ತು. ಹಳೆಯ ಸಾಕೆಟ್ಟು ಬಿಚ್ಚಿ ಮೇಜಿನ ಮೇಲಿಟ್ಟಾಗ ನನಗೆ ಆಶ್ಚರ್ಯವಾಯಿತು. ಕಾಲು ಅಷ್ಟು ಚೊಕ್ಕಟವಾಗಿತ್ತು. ಸಗಣಿಯ ಒಂದು ಕಲೆ ಇಲ್ಲ, ಗಂಜಳದ ವಾಸನೆ ಇಲ್ಲ. ಹೊಲಗೆಲಸದವರು ತರುವ ಕಾಲುಗಳು ನೋಡುವಂತಿರುವುದಿಲ್ಲ. ಬೆರಳ ಸಂದಿಯಲ್ಲೆಲ್ಲ ಮಣ್ಣು ಕಚ್ಚಿರುತ್ತದೆ. ಇವನ ಕೈಯುಗುರಿನ ತುಂಬ ಸಗಣಿ, ಕಾಲು ಮಾತ್ರ ಹೊಸದು. ಅಲ್ಲಿದ್ದ ಇತರರಿಗೆ ಅದನ್ನು ಎತ್ತಿ ತೋರಿಸಿದೆ.

“ನೋಡ್ರಪ್ಪ, ಹಿಂಗೆ ಇಟ್ಕೋಬೇಕು. ಇವನನ್ನ ನೋಡಿ ಕಲೀರಿ.”

ದೊಡ್ಡೀರಪ್ಪ ನಾಚಿಕೊಂಡು ನೆಲ ನೋಡಿದ. ಕೆಂಚಕ್ಕ ಏನೋ ಹೇಳಲು ಬಾಯಿ ತೆರೆದಳು. ಅವನು ಅವರ ಮನೆಮಾತು ತೆಲುಗಿನಲ್ಲಿ ಒಂದೇ ಮಾತು ಗದರಿದ, ಅವಳು ಸೆರಗು ಬಾಯಿಗಿಟ್ಟುಕೊಂಡಳು. ಗಂಡ ಹೆಂಡತಿಯ ವಿಷಯ ಎಂದು ನಾನು ಆ ಕಡೆ ಕಿವಿ ಕೊಡಲಿಲ್ಲ. ಮಂಡಿಯ ಮೇಲೆ ಜಡ್ಡುಗಟ್ಟಿದ್ದೂ ಕಣ್ಣಿಗೆ ಬಿದ್ದಿತ್ತು, ಒರಟು ದಪ್ಪ ಜಡ್ಡು. ಸಾಕೆಟ್ಟು ಹಾಕುವ ಮಂಡಿಗೆ ಅಂಥ ಜಡ್ಡು ಬರುವುದಿಲ್ಲ. ನೋಡಿದೆ, ಔಷಧಿ ಹಚ್ಚಿದೆ, ಕಳಿಸಿದೆ.

ಹೊಸ ಸಾಕೆಟ್ಟು ಹಾಕಿ ಒಂದೂವರೆ ತಿಂಗಳಿಗೆ ಮೋಟಿನ ತುದಿ ಊದಿ, ಬಣ್ಣ ತಿರುಗಿ, ನೇರಳೆಹಣ್ಣಿನ ಹಾಗಾಗಿತ್ತು. ಗಾಯ ಹಾಗೇ ಇತ್ತು, ಇನ್ನೂ ಆಳ. ಮತ್ತೆ ಹಾಳೆ ಸುತ್ತಿದೆವು, ಮತ್ತೆ ನಡೆಸಿದೆವು. ಮೂಳೆತುದಿಯಲ್ಲಿ ಮತ್ತೆ ನೀಲಿ. ಈ ಸಲ ನೀಲಿ ಬರದೆ ಇನ್ನೇನು ಬಂದೀತು, ಅಲ್ಲಿ ತಾಗಲು ಏನೂ ಇಲ್ಲವಲ್ಲ.

ಹರ್ಷಿತಾ ಅರ್ಧ ದಿನ ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ, “ಸರ್, ನಾವು ಇಲ್ಲಿ ನೋಡ್ತಿರೋದು ಹತ್ತು ನಿಮಿಷ. ಅವರು ಇಡೀ ದಿನ ಏನು ಮಾಡ್ತಾರೋ ನಮಗೇನು ಗೊತ್ತು?” ಎಂದಳು. ಇಡೀ ಪ್ರಕರಣದಲ್ಲಿ ಬುದ್ಧಿಯ ಮಾತೆಂದರೆ ಇದೊಂದೇ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ ಹಾಳೆಗೆ ಜೋಡಿಸಿ, ಈ ಸಲ ಹಾಳೆಯನ್ನು ಸಾಕೆಟ್ಟಿನ ಒಳಮೈಗೇ ಅಂಟಿಸಿ, ಪೆಟ್ಟಿಗೆಯನ್ನು ಆ ಕಾಲಿನ ಬೆಲ್ಟಿಗೆ ಕಟ್ಟಿ, ಎರಡು ದಿನ ಬಿಟ್ಟು ಪೆಟ್ಟಿಗೆ ಬಸ್ಸಿನಲ್ಲಿ ಕಳಿಸು ಎಂದು ದೊಡ್ಡೀರಪ್ಪನನ್ನು ಊರಿಗೆ ಕಳಿಸಿದಳು. ಅದು ಒತ್ತಡವನ್ನು ಕ್ಷಣಕ್ಷಣಕ್ಕೂ ಬರೆದಿಟ್ಟುಕೊಳ್ಳುತ್ತದಂತೆ.

ಎರಡು ದಿನದ ಮೇಲೆ ಪೆಟ್ಟಿಗೆ ಬಂತು. ಲ್ಯಾಪ್‌ಟಾಪಿನಲ್ಲಿ ಉದ್ದಕ್ಕೆ ಗೀಟು. ಹಗಲೆಲ್ಲ ಏರಿಳಿತ, ಕಾವಲಿನಲ್ಲಿ ಹಿಂಡಿನ ಹಿಂದೆ ನಡೆದಾಡಿದ್ದು. ರಾತ್ರಿಯದು ಬಿಡಿ, ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಗೀಟು ನೆಲಕ್ಕೆ ಬಿದ್ದಿತ್ತು. ಸೊನ್ನೆ. ಎರಡೂ ದಿನ ಅದೇ ಹೊತ್ತಿಗೆ, ಅಷ್ಟೇ ಹೊತ್ತು ಸೊನ್ನೆ.

ಹರ್ಷಿತಾ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ.

“ದೊಡ್ಡೀರಪ್ಪನೋರೆ, ಬೆಳಿಗ್ಗೆ ಸಂಜೆ ಕಾಲು ಬಿಚ್ಚಿಡ್ತೀರಾ?”

“ಹೂಂ ತಾಯಿ, ಬಿಚ್ಚಿಡ್ತೀನಿ.”

ಅಷ್ಟೇ. ಬಿಚ್ಚಿಟ್ಟು ಏನು ಮಾಡುತ್ತೀಯಪ್ಪ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲು ಬಿಚ್ಚಿದವನು ಕೂತಿರುತ್ತಾನೆ, ಮಲಗಿರುತ್ತಾನೆ, ಮತ್ತೇನು? ನಮಗೆ ಸಮಾಧಾನವೇ ಆಯಿತು. ‘ರೋಗಿ ದಿನಕ್ಕೆ ನಾಲ್ಕು ಗಂಟೆ ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದಾನೆ’ ಎಂದು ಫೈಲಿನಲ್ಲಿ ಬರೆದವನು ನಾನೇ. ನನ್ನ ಅಕ್ಷರ ದುಂಡಗಿದೆ, ಈಗಲೂ ಓದಬಹುದು. ಬರೆದು ಮುಗಿಸಿ ಹರ್ಷಿತಾಳ ಕೈಯಿಂದ ಫೋನು ಇಸಿದುಕೊಂಡು ಹೇಳಿದೆ:

“ದೊಡ್ಡೀರಪ್ಪ, ಒಳ್ಳೇ ಕೆಲಸ ಮಾಡ್ತಿದ್ದೀಯ. ಗಾಯ ಮಾಗೋವರೆಗೂ ಇನ್ನೂ ಜಾಸ್ತಿ ಹೊತ್ತು ಬಿಚ್ಚಿಡು. ಆದಷ್ಟು ಬಿಚ್ಚೇ ಇರು.”

“ಆಗ್ಲಿ ಸ್ವಾಮಿ.”

ಅವನು ನನ್ನ ಮಾತು ಮೀರುವವನಲ್ಲ. ಅದೇ ಆಗಿದ್ದು.

ಆಮೇಲೆ ಮೂರು ತಿಂಗಳು ಸುದ್ದಿಯಿಲ್ಲ. ಫೋನು ಹತ್ತುತ್ತಿರಲಿಲ್ಲ. ಹರ್ಷಿತಾಳ ಅವಧಿ ಮುಗಿದು ಅವಳು ಹೊರಟುಹೋದಳು. ಹೋಗುವಾಗಲೂ ದೊಡ್ಡೀರಪ್ಪನನ್ನು ಒಂದು ಸಲ ಹೋಗಿ ನೋಡಿ ಸರ್ ಎಂದಿದ್ದಳು. ನಾನು, “ಈ ಜನ ಹಿಂಗೇ ಕಣಮ್ಮ, ನಾಕು ಹೆಜ್ಜೆ ನಡೆದ್ರೆ ನಮ್ಮನ್ನ ಮರೀತಾರೆ,” ಎಂದೆ. ಹೇಳಿದ್ದನ್ನು ಮುಚ್ಚಿಟ್ಟು ಏನು ಮಾಡಲಿ?

ದೀಪಾವಳಿ ಕಳೆದು ಒಂದು ವಾರಕ್ಕೆ ಕೆಂಚಕ್ಕ ಬಂದಳು. ಒಬ್ಬಳೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಳಿ ತುಂಡಿನಲ್ಲಿ ಸುತ್ತಿದ ಗಂಟನ್ನು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ದೊಡ್ಡೀರಪ್ಪನ ಕಾಲು. ತೊಳೆದು ತಂದಿದ್ದಳು.

“ಇದನ್ನ ಇಟ್ಕೊಳ್ಳಿ ಅಣ್ಣಯ್ಯ. ಇನ್ಯಾರಿಗಾದ್ರೂ ಆಗ್ತದೆ.”

“ಇನ್ಯಾರಿಗೂ ಆಗಲ್ಲಮ್ಮ ಇದು. ಅವನೆಲ್ಲಿ?”

“ಗಾಯ ಮೂಳೆಗಿಳಿದಿತ್ತು. ಮಂಡಿ ಮೇಲಕ್ಕೆ ತೆಗೆದ್ರು.”

ನನಗೆ ಮೊದಲು ಬಂದದ್ದು ಸಿಟ್ಟು. ಅಳು ಬರಬೇಕಿತ್ತು, ಸಿಟ್ಟು ಬಂತು. “ಅಲ್ಲಮ್ಮ, ಕಾಲು ಬಿಚ್ಚಿ ವಿಶ್ರಾಂತಿ ತಗೋ ಅಂತ ಬಾಯಿ ಬಡ್ಕೊಂಡೆನಲ್ಲ? ತಗೊಂಡಿದ್ರೆ ಹಿಂಗ್ಯಾಕಾಗ್ತಿತ್ತು?” ಎಂದು ಕೂಗಿದೆ. ಪಾಪದ ಹೆಂಗಸಿನ ಮೇಲೆ.

ಕೆಂಚಕ್ಕ ನನ್ನ ಮುಖವನ್ನೇ ನೋಡಿದಳು.

“ವಿಶ್ರಾಂತಿನಾ? ಯಾವ ವಿಶ್ರಾಂತಿ ಅಣ್ಣಯ್ಯ? ರೊಪ್ಪದೊಳಕ್ಕೆ ಮೆಟ್ಟು ಹೋಗೋ ಹಂಗಿಲ್ಲವಲ್ಲ. ಬಾಗಿಲಾಗೆ ಬಿಚ್ಚಿ ಬೇವಿನ ಕೊಂಬೆಗೆ ನೇತಾಕಿ, ಮಂಡಿ ಊರ್ಕೊಂಡು ಒಳಗೆ ಹೋಗೋನು. ಕೋಲು ಹಿಡ್ಕೊಂಡು ಕುಂಟಿದ್ರೆ ಎತ್ತು ಬೆದರ್ತಾವೆ. ಸಗಣಿ ಬಾಚೋಕೆ ಎರಡೂ ಕೈ ಬೇಕು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಆ ಕಲ್ಲಿನ ಮೇಲೆ, ಮಂಡಿಮೇಲೆ. ನೀವು ಇನ್ನೂ ಜಾಸ್ತಿ ಹೊತ್ತು ಬಿಚ್ಚಿಡು ಅಂದ್ಮೇಲೆ ಹೊರಗೂ ಹಂಗೇ ಓಡಾಡಿದ. ದನದ ಹಿಂದೆ ಅಂಬೆಗಾಲು.”

“ನೀನಾದ್ರೂ ಹೇಳಬಾರದಿತ್ತಾ?”

“ಹೇಳೋಕೆ ಬಂದೆ ಅವತ್ತು. ನೀವು ಕಾಲು ಎಷ್ಟು ಚೊಕ್ಕಟ ಅಂತ ಎಲ್ಲರಿಗೂ ತೋರಿಸ್ತಿದ್ರಿ. ಸುಮ್ನಿರೇ, ಸ್ವಾಮೇರು ಹೊಗಳ್ತಾವ್ರೆ ಅಂತ ಬೈದ.”

ಅವಳು ಹೋದ ಮೇಲೆ ಆ ಗೀಟುಗಳನ್ನು ನೆನೆಸಿಕೊಂಡು ಕೂತೆ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಹಾಳೆಗೆ ಗೊತ್ತಿರುವುದು ಕಾಲು ಹಾಕಿಕೊಂಡ ಹೊತ್ತಿನ ಲೆಕ್ಕ ಮಾತ್ರ. ಮನುಷ್ಯನ ಇಡೀ ಭಾರ ಆ ಮೂಳೆತುದಿಯ ಮೇಲೆ, ಬೆಣಚುಕಲ್ಲಿನ ಮೇಲೆ ಬೀಳುತ್ತಿದ್ದ ಹೊತ್ತಿನಲ್ಲಿ ಅದು ಬೇವಿನ ಕೊಂಬೆಯ ಮೇಲೆ ಸಾಕೆಟ್ಟಿನೊಳಗೆ ಆರಾಮಾಗಿ ನೇತಾಡುತ್ತಿತ್ತು. ಸುಳ್ಳು ಹೇಳಲಿಲ್ಲ. ಒತ್ತಡವಿಲ್ಲ ಎಂದಿತು. ಅದರ ಮೇಲೆ ಇರಲಿಲ್ಲ.

ಮರುದಿನವೇ ಬಸ್ಸು ಹತ್ತಿದೆ. ಬಿ.ಜಿ. ಕೆರೆಯಲ್ಲಿ ಇಳಿದು ಆಟೋ ಮಾಡಿಕೊಂಡೆ. ದಾರಿಯುದ್ದಕ್ಕೂ ಮಾತು ಮಸೆದುಕೊಂಡೆ. ಬಡವನ ಮಂಡಿ ತಿಂದ ನಿಮ್ಮ ಕಟ್ಟುಪಾಡಿಗೆ ಬೆಂಕಿ ಹಾಕ ಎಂದು ಬೈಯಬೇಕು, ಇದು ಮೆಟ್ಟು, ಬಿಚ್ಚು ಎಂದು ತೀರ್ಪು ಕೊಟ್ಟ ಹಿರಿಯ ಯಾರೆಂದು ಕೇಳಬೇಕು, ಅವನನ್ನೂ ಒಂದು ದಿನ ಅದೇ ರೊಪ್ಪದಲ್ಲಿ ಮಂಡಿಯೂರಿ ನಡೆಸಬೇಕು. ಹೀಗೆಲ್ಲ.

ಹಟ್ಟಿಯ ಅಂಚಿಗೆ ರೊಪ್ಪ. ಜಾಲಿಮುಳ್ಳಿನ ಬೇಲಿ, ಒಳಗೆ ಒಣಸಗಣಿ, ನಡುನಡುವೆ ಎದ್ದು ನಿಂತ ಸಣ್ಣ ಕಲ್ಲುಗಳು. ಬಾಗಿಲ ಪಕ್ಕ ಬೇವಿನ ಮರ, ಆಳೆತ್ತರದಲ್ಲಿ ಒಂದು ಕೊಂಬೆ, ಕೊಂಬೆಯ ಮೇಲೆ ಬೆಲ್ಟು ಉಜ್ಜಿ ನುಣುಪಾದ ಜಾಗ. ಮರದ ಕೆಳಗಿನ ಚಪ್ಪಡಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಹುಲಿಯಪ್ಪ, ಹಟ್ಟಿಗೆ ಹಿರಿಯ, ದೇವರ ಎತ್ತಿನ ಉಸ್ತುವಾರಿ ಅವನದೇ ಎಂದು ಆಟೋದವನು ಹೇಳಿದ್ದ.

ನಾನು ನಮಸ್ಕಾರ ಕೂಡ ಹೇಳಲಿಲ್ಲ.

“ಯಾರ್ರೀ ಹೇಳಿದ್ದು ದೊಡ್ಡೀರಪ್ಪಂಗೆ, ಕಾಲು ಬಿಚ್ಚಿಟ್ಟು ಒಳಗೆ ಹೋಗು ಅಂತ? ನೀವೇನ್ರಿ?”

ಹುಲಿಯಪ್ಪ ನಿಧಾನವಾಗಿ ತಲೆಯೆತ್ತಿದ. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

“ನೀವ್ಯಾರಪ್ಪ?”

“ಆ ಕಾಲು ಮಾಡಿದೋನು.”

“ಓ. ಬನ್ನಿ, ಕುಂತ್ಕಳಿ.” ಚಪ್ಪಡಿಯ ಮೇಲೆ ಸರಿದು ಜಾಗ ಕೊಟ್ಟ. ನಾನು ಕೂರಲಿಲ್ಲ. “ನಾವ್ಯಾರೂ ಹೇಳಿಲ್ಲಪ್ಪ. ಕಾಲು ಹಾಕ್ಕಂಡು ಬಂದ ಮೊದಲನೇ ದಿನ, ಈ ಬಾಗಿಲಾಗೆ ಕುಂತು ಅವನೇ ಬಿಚ್ಚಿದ. ನಾನೇ ಕೇಳ್ದೆ. ಯಾಕ್ಲೇ ದೊಡ್ಡೀರ, ಕಾಲು ಯಾಕೆ ಬಿಚ್ತೀಯಾ ಅಂತ. ಕಾಲಲ್ಲಣ್ಣ, ಇದು ಮೆಟ್ಟು, ಅಂದ. ಬೆರಳು, ಉಗುರು ಎಲ್ಲ ಐತಲ್ಲೋ, ಮೆಟ್ಟು ಅಂತ ಯಾರು ಹೇಳಿದ್ದು ಅಂದೆ. ಮಾಡಿದ ಸ್ವಾಮೇರೇ ಹೇಳವ್ರೆ, ಬೆಳಿಗ್ಗೆ ಮೆಟ್ಕೋ, ರಾತ್ರಿ ಬಿಚ್ಚಿಡು ಅಂತ, ಅಂದ.”

ಹುಲಿಯಪ್ಪ ಆ ನುಣುಪಾದ ಕೊಂಬೆಯ ಕಡೆ ನೋಡಿ ಮುಂದುವರಿಸಿದ.

“ಮಾಡಿದೋರೇ ಮೆಟ್ಟು ಅಂದ್ಮೇಲೆ ನಾವು ಹೆಂಗಪ್ಪ ಅದನ್ನ ಕಾಲು ಅನ್ನೋದು? ನಿಮಗಿಂತ ಹೆಚ್ಗೆ ನಮಗೇನು ಗೊತ್ತೈತೆ? ಕಾಲು ಅಂದಿದ್ರೆ ಒಂದೀಟು ಗಂಜಳ ಚಿಮುಕಿಸಿ ಒಳಕ್ಕೆ ಬಿಡ್ತಿದ್ವಿ. ಕಾಲಿಗೆ ಏನು ಮೈಲಿಗೆ? ಮಂಡಿಯಾಗೆ ಸೇವೆ ಮಾಡ್ತಾನೆ, ದೊಡ್ಡ ಭಕ್ತ ಅಂತ ಹೆಂಗಸರು ಮಕ್ಕಳು ಬಂದು ಅವನಿಗೆ ಕೈ ಮುಗೀತಿದ್ರು. ನಾನೂ ಮುಗಿದಿದೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮೆಟ್ಟಿನ ಮಾತನ್ನು ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಜನಕ್ಕೆ ಆಡಿದ್ದೇನೆ. ಸಾವಿರ ಜನ ನಕ್ಕು ಮನೆಗೆ ಹೋಗಿದ್ದಾರೆ. ನಗದೆ ತಲೆಯಾಡಿಸಿದವನು ಒಬ್ಬನೇ, ಅವನ ಮುಖ ನೋಡದೆ ನಾನು ಮುಂದಿನವನ ಪಟ್ಟಿ ಬಿಗಿಯಲು ತಿರುಗಿದ್ದೆ. ಕಟ್ಟುಪಾಡನ್ನು ಬೈಯಲು ಬಂದವನಿಗೆ ಬೈಯಲು ಏನೂ ಉಳಿಯಲಿಲ್ಲ.

ದೊಡ್ಡೀರಪ್ಪ ರೊಪ್ಪದ ಆಚೆ ಬದಿಯಲ್ಲಿ, ಬೇಲಿಗೆ ಒರಗಿದ ಒಂದು ಮಂಚದ ಮೇಲೆ ಇದ್ದ. ಪಂಚೆಯ ಎಡಗಡೆ ತೊಡೆಯ ಅರ್ಧಕ್ಕೇ ಬರಿದಾಗಿ ಬಿದ್ದಿತ್ತು. ಒಳಗೆ ಅವನ ತಮ್ಮ ಬಾಲರಾಜ್ ಸಗಣಿ ಬಾಚುತ್ತಿದ್ದ. ಈಗ ಅವನೇ ಕಿಲಾರಿ. ದೊಡ್ಡೀರಪ್ಪ ಬೇಲಿಯ ಸಂದಿಯಿಂದ ಎತ್ತುಗಳನ್ನು ನೋಡುತ್ತ, “ಆ ಕಡೆ ಮೂಲೇದು ಬಿಟ್ಟೆ ನೋಡ್ಲೇ,” ಎಂದು ಹೇಳುತ್ತಿದ್ದ. ತಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ನನ್ನನ್ನು ಕಂಡು ಮುಖ ಅರಳಿತು. ಅದನ್ನು ನನಗೆ ತಡೆಯಲಾಗಲಿಲ್ಲ.

“ಇಷ್ಟು ದೂರ ಬಂದ್ರಾ ಸ್ವಾಮಿ? ಕೆಂಚೀ, ನೀರು ತಗಂಬಾ.” ಮಂಚದಲ್ಲಿ ಜರುಗಿ ಕೂತ. “ನಿಮ್ಮ ಕಾಲು ಚೆನ್ನಾಗೇ ಇತ್ತು. ನಂದೇ ಮೈ ಹಿಡೀಲಿಲ್ಲ.”

ಬಯ್ದಿದ್ದರೆ ಚೆನ್ನಾಗಿತ್ತು. ನಾನು ಅವನ ಮಂಚದ ತುದಿಗೆ ಕೂತು, ಮೇಲಿನಿಂದ ಮಾಡುವ ಕಾಲೂ ಇದೆ, ಮಂಡಿಗೆ ಕೀಲು ಕೂರಿಸುತ್ತೇವೆ, ಕಷ್ಟ, ಆದರೆ ಆಗುತ್ತದೆ, ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ.

“ಅದನ್ನೂ ಬಾಗಿಲಾಗೆ ಬಿಚ್ಚಿಡಬೇಕಾ?”

“ಇಲ್ಲ ಕಣಪ್ಪ. ಅದು ಮೆಟ್ಟಲ್ಲ. ಅದು ನಿನ್ನ ಕಾಲು. ಹುಲಿಯಪ್ಪನೋರೂ ಒಪ್ಪವ್ರೆ. ಹಾಕ್ಕೊಂಡೇ ಒಳಗೆ ಹೋಗು. ಮೊದಲನೇದೂ ಕಾಲೇ ಆಗಿತ್ತು ದೊಡ್ಡೀರಪ್ಪ. ನಾನು ಅವತ್ತು ತಮಾಷೆಗೆ ಅಂದಿದ್ದು.”

ಅವನು ಬೇಲಿಯ ಸಂದಿಯತ್ತ ತಿರುಗಿದ. ಒಳಗೆ ಒಂದು ಬಿಳಿ ಹೋರಿ ಅವನ ದನಿ ಕೇಳಿ ಈ ಕಡೆಗೆ ಬಂದು ಬೇಲಿಗೆ ಮೂತಿ ಚಾಚಿತ್ತು. ಕೈ ಚಾಚಿದ, ಮುಳ್ಳು ಅಡ್ಡ ಬಂತು, ಹಿಂದಕ್ಕೆ ತೆಗೆದುಕೊಂಡ. ಆಮೇಲೆ ನನಗೆ ಹೇಳಿದ ಮಾತಿನಲ್ಲಿ ಸಿಟ್ಟು ಒಂದು ಚೂರೂ ಇರಲಿಲ್ಲ. ಬಸ್ಸು ಈಗಷ್ಟೇ ಹೋಯಿತು ಎಂದು ದಾರಿಹೋಕನಿಗೆ ಹೇಳುವ ದನಿ.

“ಈ ಮಾತು ಅವತ್ತೇ ಅಂದಿದ್ರೆ ಆಗ್ತಿತ್ತು ಸ್ವಾಮಿ. ಈಗ ಒಳಗೆ ನಂಗೇನು ಕೆಲಸ?”